ಮನೆಯೊಳಗೆ ಸರಿಯಾಗಿ ಹುಡುಕುವ ನಮ್ಮ ನಾಯಿ ಕೆಂಚ ಅಂಗಳಕ್ಕೆ ಬಂದರೆ ಅತ್ತೆಯ ಎದುರು ಕೂರುತ್ತಾನೆ, ಯಾಕೆ?

ತೋಟದ_ಹಾದಿ, ಶಿರಸಿ
ಡಿಸೆಂಬರ್ 6, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಕ್ಷಮಿಸಿ. ತಪ್ಪು ಎಲ್ಲಿ ಅಡಗಿದೆ ಅಂತ ನನಗೆ ಗೊತ್ತಾಗುತ್ತಿಲ್ಲ. ಹಾಗಾಗಿ ಸಣ್ಣಪುಟ್ಟದ್ದನ್ನೂ ಬಿಡದೆ ಬರೆಯುತ್ತೇನೆ.

ನಮ್ಮದು ಹುಲೇಕಲ್ ಕಡೆಯ ಹಳ್ಳಿ. ಮನೆ ಹಿಂದೆ ಬೆಟ್ಟ, ಎದುರು ಅಂಗಳ, ಅಂಗಳ ದಾಟಿದರೆ ಇಳಿಜಾರಿನಲ್ಲಿ ತೋಟ. ಕೆಂಚ ನಾಡುನಾಯಿ, ಮೂರು ವರ್ಷ. ಒಂದು ಆಷಾಢದಲ್ಲಿ ಕೊಟ್ಟಿಗೆಯ ದರಕಿನ (ಒಣ ಎಲೆಯ) ರಾಶಿಯಲ್ಲಿ ನೆನೆದು ಮುದುಡಿ ಬಿದ್ದಿದ್ದ. ಎತ್ತಿಕೊಂಡರೆ ಅಂಗೈ ತುಂಬಲಿಲ್ಲ. ಮರಿಯಾಗಿದ್ದಾಗ ಮಂಗ ಓಡಿಸುವ ಪಟಾಕಿ ಒಮ್ಮೆ ಅವನ ಪಕ್ಕದಲ್ಲೇ ಸಿಡಿಯಿತು. ಅವತ್ತಿನಿಂದ ಶಬ್ದ ಅಂದರೆ ಹೆದರಿಕೆ. ಹೊಸಬರು ಬಂದರೆ ಬಚ್ಚಲೊಲೆಯ ಹಿಂದೆ ಸೇರಿಬಿಡುತ್ತಿದ್ದ. ಊಟಕ್ಕೆ ಕರೆದರೂ ಬರುತ್ತಿರಲಿಲ್ಲ.

ವಾಸನೆ ಹುಡುಕುವ ಆಟ ಶುರು ಮಾಡಿದ್ದು ಅದಕ್ಕೇ. ಮಗಳು ಎಂಟನೇ ಕ್ಲಾಸು. ಅವಳು ಮೊಬೈಲಿನಲ್ಲಿ ತೋರಿಸಿದಳು. ನೋಸ್ ವರ್ಕ್ ಅಂತಾರೆ. 2006ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ, ಪತ್ತೆ ನಾಯಿಗಳಿಗೆ ಕಲಿಸುತ್ತಿದ್ದ ಮೂವರು ಸೇರಿ ಇದನ್ನು ಮನೆ ನಾಯಿಗಳ ಆಟವಾಗಿ ಶುರು ಮಾಡಿದರಂತೆ. 2017ರಿಂದ ಅಮೆರಿಕನ್ ಕೆನಲ್ ಕ್ಲಬ್ಬೂ ಇದೇ ತರಹದ ಸ್ಪರ್ಧೆ ನಡೆಸುತ್ತಿದೆ. ಒಂದು ಗೊತ್ತಾದ ವಾಸನೆಯನ್ನು ಎಲ್ಲೋ ಅಡಗಿಸಿ ಇಡುತ್ತಾರೆ. ನಾಯಿ ಹುಡುಕಿ ತೋರಿಸಬೇಕು, ನಾವು 'ಅಲರ್ಟ್' ಅಂತ ಕೂಗಬೇಕು. ಮೊದಲ ಹಂತದಲ್ಲಿ 10 ಡಬ್ಬ, ಒಂದರಲ್ಲಿ ಮಾತ್ರ ವಾಸನೆ, 2 ನಿಮಿಷ ಸಮಯ. ಹೆದರುವ ನಾಯಿಗೂ ಆಗುತ್ತದೆ, ಯಾಕಂದರೆ ಅಲ್ಲಿ ಒಂದು ಸಲಕ್ಕೆ ಒಂದೇ ನಾಯಿ. ಬೇರೆ ನಾಯಿಯ ಎದುರು ನಿಲ್ಲಬೇಕಾಗಿಲ್ಲ. ಅದು ನನಗೆ ಬಹಳ ಇಷ್ಟವಾಯಿತು.

ನಮಗೆ ಪದಕ ಬೇಡ. ಕೆಂಚ ಬಾಲ ಎತ್ತಿಕೊಂಡು ಓಡಾಡಿದರೆ ಸಾಕಿತ್ತು. ಹಾಗೇ ಆಯಿತು ಕೂಡ. ಅಂಗಡಿಯಿಂದ ಆರು ರಟ್ಟಿನ ಪೆಟ್ಟಿಗೆ ತಂದೆ. ಒಂದರಲ್ಲಿ ಒಣಕೊಬ್ಬರಿ ಚೂರು ಇಟ್ಟು ಹುಡುಕಿಸಿದೆ. ಕೊಬ್ಬರಿ ಅಂದರೆ ಅವನಿಗೆ ಪ್ರಾಣ. ಒಂದು ತಿಂಗಳ ನಂತರ ಕೊಬ್ಬರಿ ಜೊತೆಗೆ ಒಂದು ತಗಡಿನ ಡಬ್ಬಿ ಇಟ್ಟೆ. ಮುಚ್ಚಳಕ್ಕೆ ಮೊಳೆಯಿಂದ ತೂತು ಮಾಡಿ, ಒಳಗೆ ನಮ್ಮದೇ ಮರದ ಎರಡು ಲವಂಗ ಹಾಕಿದ್ದೆ. ಆಟದ ನಾಲ್ಕು ವಾಸನೆಗಳಲ್ಲಿ ಲವಂಗವೂ ಒಂದು. ಉಳಿದವು ಬರ್ಚ್, ಅನೀಸ್, ಸೈಪ್ರೆಸ್ ಅನ್ನುವ ಗಿಡಮರಗಳ ಎಣ್ಣೆಗಳು. ನಮ್ಮ ತೋಟದಲ್ಲಿ ಮಾವನವರು ನೆಟ್ಟ ಎರಡು ಲವಂಗದ ಮರ ಇದೆ. ಮತ್ತೆ ಬೇರೆ ಎಣ್ಣೆ ಯಾಕೆ ತರಿಸಬೇಕು ಅಂತ ಅನಿಸಿತು. ಆಮೇಲೆ ಕೊಬ್ಬರಿ ತೆಗೆದು ಬರೀ ಡಬ್ಬಿ ಇಟ್ಟೆ. ಹುಡುಕಿದ ಮೇಲೆ ಅಲ್ಲೇ, ಡಬ್ಬಿಯ ಮೂತಿಯ ಹತ್ತಿರವೇ ಕೊಬ್ಬರಿ ಕೊಡುತ್ತಿದ್ದೆ.

ಮನೆಯೊಳಗೆ ಅವನದು ನೋಡುವಂಥ ಕೆಲಸ. ನಡುಮನೆ, ಮೆತ್ತು (ಮೇಲಂತಸ್ತು), ಅಡಿಕೆ ತುಂಬುವ ಕೋಣೆ, ಎಲ್ಲಿಟ್ಟರೂ ಹುಡುಕುತ್ತಾನೆ. ವಾಸನೆ ಹತ್ತಿದ ಕೂಡಲೇ ಬಾಲ ನಿಲ್ಲುತ್ತದೆ, ಮೂಗಿನ ಸದ್ದು ಜೋರಾಗುತ್ತದೆ, ಆಮೇಲೆ ಕೂತು ನನ್ನ ಮುಖ ನೋಡುತ್ತಾನೆ. ಇನ್ನೊಂದು ವಿಷಯ ಹೇಳಲೇಬೇಕು. ಅಡುಗೆಮನೆಯಲ್ಲಿ ಲವಂಗದ ಡಬ್ಬಿ ಇದೆ. ಅದನ್ನು ಮುಚ್ಚಳ ತೆಗೆದು ಇಟ್ಟರೂ ತಿರುಗಿ ನೋಡುವುದಿಲ್ಲ. ಆಟದ ಲವಂಗ ಬೇರೆ, ಸಾಂಬಾರದ ಲವಂಗ ಬೇರೆ ಅಂತ ಅವನಿಗೆ ತಿಳಿಯುತ್ತದಲ್ಲ ಅಂತ ನನಗೆ ಹೆಮ್ಮೆ.

ಸಮಸ್ಯೆ ಅಂಗಳದ್ದು. ನವೆಂಬರಿನಿಂದ ಕೊಯ್ಲು ಶುರುವಾಗಿದೆ. ಮರ ಹತ್ತಿ ಗೊನೆ ಇಳಿಸುವ ಕೊನೆಗೌಡ ಬರುತ್ತಾನೆ, ಅಂಗಳದ ತುಂಬ ಅಡಿಕೆ ಗೊನೆ, ಸಂಜೆ ಏಳೆಂಟು ಜನ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿಯಲು ಕೂರುತ್ತಾರೆ. ಕೆಂಚ ಈಗ ಅವರಿಗೆ ಹೆದರುವುದಿಲ್ಲ, ಅದೇ ದೊಡ್ಡದು. ಆದರೆ ಅಂಗಳದಲ್ಲಿ ಡಬ್ಬಿ ಅಡಗಿಸಿ 'ಹುಡುಕು' ಅಂದರೆ ಸೀದಾ ಹೋಗಿ ಅತ್ತೆಯ ಮೊಣಕಾಲಿನ ಎದುರು ಕೂರುತ್ತಾನೆ. ಅಲ್ಲಿಂದ ಎಬ್ಬಿಸಿದರೆ ಸುಲಿಯಲು ಬರುವ ಒಬ್ಬ ಹೆಂಗಸು ಕೂರುವ ಗೋಣಿಚೀಲದ ಮೇಲೆ ಕೂರುತ್ತಾನೆ. ಅವರು ಮನೆಗೆ ಹೋಗಿ, ಬರೀ ಗೋಣಿ ಇದ್ದರೂ ಅಷ್ಟೇ. ಡಬ್ಬಿಯ ಪಕ್ಕದಲ್ಲೇ ಹಾದು ಹೋಗುತ್ತಾನೆ! ಅತ್ತೆ ಕೊಬ್ಬರಿ ಕೊಡುತ್ತಾರೇನೋ ಅಂತ ಕೇಳಿದೆ. ಒಂದು ಚೂರೂ ಕೊಟ್ಟಿಲ್ಲ ಅಂದರು. "ಅದು ನಿನ್ನ ಮುಖ ನೋಡ್ತು, ಡಬ್ಬಿ ನೋಡ್ತಿಲ್ಲೆ" ಅಂತಲೂ ಅಂದರು. ಅದು ಮನಸ್ಸಿನಲ್ಲಿ ಕೂತಿದೆ.

ಮೊನ್ನೆ ಎರಡು ಸಲ ಗದರಿಬಿಟ್ಟೆ. ಬಾಲ ಒಳಗೆ ಹಾಕಿಕೊಂಡು ಮತ್ತೆ ಬಚ್ಚಲೊಲೆಯ ಹಿಂದೆ ಹೋಗಿ ಮಲಗಿದ. ಒಂದು ವರ್ಷದಿಂದ ಅಲ್ಲಿ ಹೋಗಿರಲಿಲ್ಲ ಅವನು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾನು ಎಲ್ಲಿ ತಪ್ಪಿದ್ದೇನೆ, ದಯವಿಟ್ಟು ಹೇಳಿ.


ಕಾಳಿ_ದಂಡೆ, ಕಾರವಾರ
ಡಿಸೆಂಬರ್ 7, ಬೆಳಿಗ್ಗೆ 7:15

ಅಕ್ಕಾ, ಮೊದಲು ಗದರುವುದು ನಿಲ್ಲಿಸಿ. ಅದೊಂದನ್ನು ಇವತ್ತೇ ಮಾಡಿ. ಉಳಿದದ್ದು ನಿಧಾನಕ್ಕೆ ನೋಡೋಣ.

ನನ್ನದು ಲ್ಯಾಬ್ರಡಾರ್, ಹೆಸರು ಮುತ್ತು. ನಾವು ಟ್ಯಾಗೋರ್ ಬೀಚಿನಲ್ಲಿ ಬೆಳಿಗ್ಗೆ ಜನ ಬರುವ ಮೊದಲು ಆಡುತ್ತೇವೆ. ನಿಮ್ಮ ಅತ್ತೆ ಹೇಳಿದ್ದು ನೂರಕ್ಕೆ ನೂರು ಯೋಚಿಸಬೇಕಾದ ಮಾತು. ಡಬ್ಬಿ ಇಡುವವರೂ ನೀವೇ, ನಾಯಿ ಹಿಡಿಯುವವರೂ ನೀವೇ, ಅಲ್ವಾ? ಹಾಗಿದ್ದರೆ ಡಬ್ಬಿಯ ಹತ್ತಿರ ಬಂದಾಗ ನೀವು ಹೆಜ್ಜೆ ನಿಧಾನ ಮಾಡುತ್ತೀರಿ, ಉಸಿರು ಹಿಡಿಯುತ್ತೀರಿ, ಹಗ್ಗ ಸ್ವಲ್ಪ ಬಿಗಿಯಾಗುತ್ತದೆ. ನಿಮಗೆ ಗೊತ್ತಾಗುವುದಿಲ್ಲ. ನಾಯಿಗೆ ಗೊತ್ತಾಗುತ್ತದೆ.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು 2011ರಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಓದಿದ ದಿನ ನಾನು ದಂಗಾಗಿದ್ದೆ. ಮಾದಕ ವಸ್ತು, ಸ್ಫೋಟಕ ಹುಡುಕುವ 18 ನಾಯಿಗಳು, ಅವುಗಳನ್ನು ಹಿಡಿದು ನಡೆಸುವ ತರಬೇತಾದ ಹ್ಯಾಂಡ್ಲರ್‌ಗಳು. ಒಟ್ಟು 144 ಹುಡುಕಾಟ. ಒಳಗೆ ವಾಸನೆ ಇದೆ, ಕೆಲವು ಕಡೆ ಕೆಂಪು ಕಾಗದದ ಗುರುತೂ ಇದೆ ಅಂತ ಹ್ಯಾಂಡ್ಲರ್‌ಗಳಿಗೆ ಹೇಳಿದ್ದರು. ನಿಜಕ್ಕೂ ಎಲ್ಲೂ ಏನೂ ಇರಲಿಲ್ಲ. ಒಂದೇ ಒಂದು ತಪ್ಪು ಅಲರ್ಟ್ ಇಲ್ಲದೆ ಮುಗಿದದ್ದು 21 ಹುಡುಕಾಟ ಮಾತ್ರ. ಅದರಲ್ಲೂ ಕೆಂಪು ಕಾಗದ ಇದ್ದ ಕಡೆ ಅಲರ್ಟ್ ಜಾಸ್ತಿ. ನಾಯಿಗೆ ಆ ಕಾಗದದ ಅರ್ಥ ಗೊತ್ತಿರಲಿಲ್ಲ. ಮನುಷ್ಯರಿಗೆ ಗೊತ್ತಿತ್ತು.

ಹಾಗಾಗಿ ಇನ್ನು ಮೇಲೆ ಮಗಳು ಡಬ್ಬಿ ಇಡಲಿ. ನಿಮಗೆ ಎಲ್ಲಿ ಅಂತ ಹೇಳಬಾರದು. ಅವಳೂ ನಿಮ್ಮ ಕಣ್ಣಿಗೆ ಬೀಳುವ ಕಡೆ ನಿಲ್ಲಬಾರದು.

ಎರಡನೆಯದು ಗಾಳಿ. ಮನೆಯೊಳಗೆ ಗಾಳಿ ಹೆಚ್ಚು ಆಡುವುದಿಲ್ಲ, ಹೊರಗೆ ಹಾಗಲ್ಲ. ವಾಸನೆ ಡಬ್ಬಿಯಿಂದ ಹೊರಟು ಗಾಳಿ ಹೋದ ಕಡೆ ಬೀಸಣಿಗೆಯ ಹಾಗೆ ಹರಡುತ್ತಾ ಹೋಗುತ್ತದೆ. ನಮ್ಮಲ್ಲಿ ಬೆಳಿಗ್ಗೆ ಆರಕ್ಕೆ ಗಾಳಿ ನೆಲದಿಂದ ಕಡಲಿನ ಕಡೆ. ಬಿಸಿಲು ಏರಿ ನೆಲ ಕಾದ ಮೇಲೆ ಕಡಲಿನಿಂದ ಊರಿನ ಕಡೆ. ಒಂದೇ ದೋಣಿಯ ಅಡಿಯಲ್ಲಿ ಅದೇ ಡಬ್ಬಿ ಇಟ್ಟರೂ, ಮುತ್ತು ಬೆಳಿಗ್ಗೆ ನೀರಿನ ಕಡೆಯಿಂದ ಬಂದು ಹಿಡಿಯುತ್ತಾಳೆ, ಮಧ್ಯಾಹ್ನದ ಹೊತ್ತಿಗೆ ಗಾಳಿ ಮರದ ತೋಪಿನ ಕಡೆಯಿಂದ. ನಿಮ್ಮದು ಗುಡ್ಡದ ಇಳಿಜಾರು. ಸಂಜೆ ತಂಪಾದ ಮೇಲೆ ಬೆಟ್ಟದ ಗಾಳಿ ಕೆಳಗೆ ತೋಟಕ್ಕೆ ಜಾರುತ್ತದೆ. ನೀವು ಡಬ್ಬಿ ಎಲ್ಲೇ ಇಟ್ಟರೂ ವಾಸನೆ ಅಂಗಳದ ಅಂಚಿಗೆ ಹೋಗಿ ಸೇರಿರಬಹುದು. ಒಂದು ಕೋಲಿಗೆ ಹತ್ತಿಯ ಎಳೆ ಕಟ್ಟಿ ಹಿಡಿದು ನೋಡಿ. ಊದುಬತ್ತಿ ಹಚ್ಚಬೇಡಿ, ಅದು ಇನ್ನೊಂದು ವಾಸನೆ.

ನಿಮ್ಮ ಅತ್ತೆ ಎಲ್ಲಿ ಕೂರುತ್ತಾರೆ? ಅಂಗಳದ ಕೆಳ ಅಂಚಿನಲ್ಲಾ?


ತೋಟದ_ಹಾದಿ, ಶಿರಸಿ
ಡಿಸೆಂಬರ್ 7, ರಾತ್ರಿ 8:50

ಇಲ್ಲ ಅಣ್ಣ, ಅತ್ತೆ ಜಗಲಿಯ ಮೇಲೆ ಕಂಬಕ್ಕೆ ಒರಗಿ ಕೂರುತ್ತಾರೆ. ಜಗಲಿ ಅಂಗಳಕ್ಕಿಂತ ಮೇಲಿದೆ. ಹತ್ತಿ ಎಳೆ ಕಟ್ಟಿ ನೋಡಿದೆ. ಸಂಜೆ ಆರಕ್ಕೆ ಎಳೆ ತೋಟದ ಕಡೆಗೇ ಬಾಗಿತು, ನೀವು ಹೇಳಿದ ಹಾಗೆಯೇ. ಅಂದರೆ ವಾಸನೆ ಅತ್ತೆಯಿಂದ ದೂರ ಹೋಗಬೇಕಿತ್ತು.

ಇವತ್ತು ಮಗಳು ಡಬ್ಬಿ ಇಟ್ಟಳು. ನಾನು ಕೊಟ್ಟಿಗೆಯಲ್ಲಿ ಇದ್ದೆ. ಮನೆಯೊಳಗೆ ಐದು ಸಲ ಆಡಿದೆವು, ಐದೂ ಸರಿ. ನನಗೆ ಎಲ್ಲಿದೆ ಅಂತ ಗೊತ್ತೇ ಇರಲಿಲ್ಲ. ಹಾಗಾದರೆ ಅವನು ನನ್ನ ಮುಖ ನೋಡಿ ಹುಡುಕುತ್ತಿಲ್ಲ, ಅಲ್ವಾ? ಅಂಗಳಕ್ಕೆ ಬಂದೆವು. ಮೊದಲ ಸಲವೇ ಅತ್ತೆ.

ಕೊಯ್ಲಿನ ಗಡಿಬಿಡಿಯಲ್ಲಿ ಇದಕ್ಕೆ ಸಮಯ ಯಾಕೆ ಅಂತ ನಮ್ಮನೆಯವರು ಕೇಳುತ್ತಾರೆ. ಕತ್ತಲಾಗುವ ಮೊದಲು ಆಟ ನಿಲ್ಲಿಸಲೇಬೇಕು. ಹೋದ ವರ್ಷ ಪಕ್ಕದ ಮನೆಯ ನಾಯಿಯನ್ನು ಚಿರತೆ ಅಂಗಳದಿಂದಲೇ ಹೊತ್ತುಕೊಂಡು ಹೋಯಿತು. ದಿನಕ್ಕೆ ಸಿಗುವುದು ಅರ್ಧ ಗಂಟೆ.


ಬಂಗಡೆ_ಗಲ್ಲಿ, ಕುಮಟಾ
ಡಿಸೆಂಬರ್ 8, ಮಧ್ಯಾಹ್ನ 2:05

ಅಕ್ಕ, ನಾನು ಔಷಧ ಅಂಗಡಿಯಲ್ಲಿ ಕೆಲಸ ಮಾಡುವವಳು. ಮನೆಯಲ್ಲಿ ಎರಡು ನಾಯಿ, ಈ ಆಟ ಎರಡು ವರ್ಷದಿಂದ. ನಿಮ್ಮ ಮೊದಲ ಬರಹವನ್ನು ಮೂರು ಸಲ ಓದಿದೆ. ಒಂದು ಸಾಲು ಬಿಡದೆ ಕಾಡುತ್ತಿದೆ. ಅಡುಗೆಮನೆಯ ಲವಂಗದತ್ತ ಅವನು ತಿರುಗಿಯೂ ನೋಡುವುದಿಲ್ಲ ಅಂದಿದ್ದೀರಿ.

ಲವಂಗ ಲವಂಗವೇ. ಅದರ ವಾಸನೆಗೆ ಕಾರಣ ಯೂಜಿನಾಲ್. ನಿಮ್ಮ ಮರದ್ದಾದರೂ ಅದೇ, ಅಡುಗೆಮನೆಯ ಡಬ್ಬಿಯದ್ದಾದರೂ ಅದೇ. ಲವಂಗ ಕಲಿತ ನಾಯಿ ತೆರೆದ ಡಬ್ಬಿಯ ಹತ್ತಿರ ಹಾದರೆ ಒಂದು ಸಲವಾದರೂ ತಲೆ ತಿರುಗಿಸಬೇಕು. ನನ್ನ ಅನುಮಾನ ಏನಂದರೆ ಕೆಂಚ ಲವಂಗ ಕಲಿತೇ ಇಲ್ಲ. ಬೇರೆ ಏನನ್ನೋ ಬಹಳ ಚೆನ್ನಾಗಿ ಕಲಿತಿದ್ದಾನೆ.

ಆ ತಗಡಿನ ಡಬ್ಬಿ ಮೊದಲು ಯಾವುದರದ್ದು? ಮತ್ತೆ ಉಳಿದ ಐದು ಪೆಟ್ಟಿಗೆಗಳಲ್ಲಿ ಅಂಥದೇ ಖಾಲಿ ಡಬ್ಬಿ ಇಡುತ್ತಿದ್ದಿರಾ ಅಥವಾ ಅವು ಬರೀ ಖಾಲಿ ಪೆಟ್ಟಿಗೆಗಳಾ? ಅತ್ತೆ ಮೊಣಕಾಲಿಗೆ ಏನು ಹಚ್ಚುತ್ತಾರೆ?


ತೋಟದ_ಹಾದಿ, ಶಿರಸಿ
ಡಿಸೆಂಬರ್ 8, ಮಧ್ಯಾಹ್ನ 2:31

ತಂಗಿ, ಓದಿ ಕೈ ನಡುಗುತ್ತಿದೆ. ಅದು ಅತ್ತೆಯ ನೋವಿನ ಮುಲಾಮಿನ ಖಾಲಿ ಡಬ್ಬಿ. ಸೋಪಿನ ಪುಡಿ ಹಾಕಿ ಮೂರು ಸಲ ತೊಳೆದು ಬಿಸಿಲಿಗೆ ಇಟ್ಟಿದ್ದೆ. ನನಗೆ ಏನೂ ವಾಸನೆ ಬರುತ್ತಿರಲಿಲ್ಲ. ಉಳಿದ ಪೆಟ್ಟಿಗೆಗಳು ಬರೀ ಖಾಲಿ. ಅತ್ತೆ ದಿನಾ ಸಂಜೆ ಮೊಣಕಾಲಿಗೆ ಅದೇ ಮುಲಾಮು ತಿಕ್ಕಿಕೊಂಡು ಸುಲಿಯಲು ಕೂರುತ್ತಾರೆ. ಆ ಗೋಣಿಯ ಹೆಂಗಸಿಗೂ ಸೊಂಟ ನೋವು. ಅತ್ತೆಯೇ ಹಚ್ಚಿಕೊಳ್ಳಲು ಕೊಡುತ್ತಾರೆ.


ಬಂಗಡೆ_ಗಲ್ಲಿ, ಕುಮಟಾ
ಡಿಸೆಂಬರ್ 8, ರಾತ್ರಿ 9:20

ಹಾಗಾದರೆ ನಿಮ್ಮ ಕೆಂಚ ಒಂದು ದಿನವೂ ತಪ್ಪಿಲ್ಲ ಅಕ್ಕ.

ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶಗಳು 50–60 ಲಕ್ಷ. ನಾಯಿಗೆ ತಳಿ ನೋಡಿ 10 ಕೋಟಿಯಿಂದ 30 ಕೋಟಿ ತನಕ. ಮೂರು ಸಲ ತೊಳೆದ ಡಬ್ಬಿ ನಮಗೆ ಸ್ವಚ್ಛ, ಅವನಿಗೆ ಅಲ್ಲ. ನೋವಿನ ಮುಲಾಮಿನಲ್ಲಿ ಸಾಮಾನ್ಯವಾಗಿ ಕರ್ಪೂರ, ಮೆಂಥಾಲ್, ಮೀಥೈಲ್ ಸ್ಯಾಲಿಸಿಲೇಟ್ ಇರುತ್ತವೆ. ಎಲ್ಲ ಜೋರು ವಾಸನೆಗಳು. ಎರಡು ಒಣ ಲವಂಗ ಅದರ ಮುಂದೆ ಏನೂ ಅಲ್ಲ. ಎರಡು ವಾಸನೆ ಒಟ್ಟಿಗೆ ಬಂದರೆ ನಾಯಿ ಜೋರಾದದ್ದನ್ನು ಹಿಡಿಯುತ್ತದೆ, ಸಣ್ಣದು ಅದರ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಬೇರೆ ಪೆಟ್ಟಿಗೆಗಳಲ್ಲಿ ಡಬ್ಬಿಯೇ ಇಲ್ಲದ್ದರಿಂದ ಅವನಿಗೆ ಬೇರೆ ಮಾಡಿ ತಿಳಿಯುವ ದಾರಿಯೂ ಇರಲಿಲ್ಲ. ತಗಡು, ಮುಲಾಮು, ನಿಮ್ಮ ಕೈ ವಾಸನೆ, ಎಲ್ಲ ಒಂದೇ ಕಡೆ.

ನನ್ನ ಮಾತನ್ನೂ ಹಾಗೇ ನಂಬಬೇಡಿ, ಅವನನ್ನೇ ಕೇಳಿ. ಒಂದೇ ತರಹದ ಆರು ಹೊಸ ಸ್ಟೀಲ್ ಡಬ್ಬಿ ತನ್ನಿ. ಆರನ್ನೂ ಒಬ್ಬರೇ ಮುಟ್ಟಬೇಕು, ಒಂದೇ ಅಳತೆಯ ತೂತು. ಒಂದರಲ್ಲಿ ಇಯರ್ ಬಡ್‌ನ ತುದಿಗೆ ಚೂರೇ ಚೂರು ಮುಲಾಮು, ಒಂದರಲ್ಲಿ ಲವಂಗ, ನಾಲ್ಕರಲ್ಲಿ ಬರೀ ಹತ್ತಿ. ಮುಲಾಮು ಮುಟ್ಟಿದ ಕೈಯಲ್ಲಿ ಲವಂಗ ಮುಟ್ಟಬೇಡಿ, ಚಿಮುಟ ಬಳಸಿ. ಮಗಳು ಜೋಡಿಸಲಿ, ನೀವು ನೋಡಬೇಡಿ.

ಇನ್ನೊಂದು ಮಾತು, ಇದು ಆಟದ್ದಲ್ಲ. ಮೀಥೈಲ್ ಸ್ಯಾಲಿಸಿಲೇಟ್ ಆಸ್ಪಿರಿನ್ ಜಾತಿಯದು. ನಾಯಿ ನೆಕ್ಕಿದರೆ ಹೊಟ್ಟೆಗೆ ಕೆಟ್ಟದ್ದು, ಜಾಸ್ತಿ ಹೋದರೆ ಜೀವಕ್ಕೇ ಅಪಾಯ. ಅವನು ಅತ್ತೆಯ ಮೊಣಕಾಲು ನೆಕ್ಕದಂತೆ ನೋಡಿಕೊಳ್ಳಿ. ಮುಲಾಮಿನ ಡಬ್ಬಿ ಅವನ ಬಾಯಿಗೆ ಸಿಗಬಾರದು. ಆಟಕ್ಕೆ ಬಳಸುವ ಎಣ್ಣೆಗಳೂ ಹಾಗೇ. ಮೂಗಿಗೆ ವಾಸನೆ ಸಿಗಬೇಕು, ನಾಲಗೆಗೆ ಏನೂ ಸಿಗಬಾರದು.


ಕಾಳಿ_ದಂಡೆ, ಕಾರವಾರ
ಡಿಸೆಂಬರ್ 8, ರಾತ್ರಿ 10:02

ನನಗೆ ಹೊಳೆಯಲೇ ಇಲ್ಲ. ನಾನು ಗಾಳಿಯ ಹಿಂದೆ ಹೋದೆ.

ಆದರೆ ಒಂದು ಯೋಚನೆ. ಸ್ಪರ್ಧೆಯಲ್ಲಿ ಹೊಸ ನಾಯಿಗಳಿಗೆ ಮೊದಲು ಕಲಿಸುವುದು ಬರ್ಚ್ ಎಣ್ಣೆ. ಸ್ವೀಟ್ ಬರ್ಚ್ ಎಣ್ಣೆಯಲ್ಲಿ ಬಹುಪಾಲು ಇರುವುದೇ ಮೀಥೈಲ್ ಸ್ಯಾಲಿಸಿಲೇಟ್. ಅಂದರೆ ಕೆಂಚ ಗೊತ್ತಿಲ್ಲದೆ ಹೆಚ್ಚುಕಡಿಮೆ ಬರ್ಚ್ ಕಲಿತಿದ್ದಾನೆ. ಅಳಿಸಿ ಬೇರೆ ಯಾಕೆ ಕಲಿಸಬೇಕು? ಬರ್ಚ್ ಎಣ್ಣೆ ತರಿಸಿ ಅದನ್ನೇ ಮುಂದುವರಿಸಿ ಅಕ್ಕ. ಆರು ತಿಂಗಳ ಕೆಲಸ ಉಳಿಯುತ್ತದೆ.


ಬಂಗಡೆ_ಗಲ್ಲಿ, ಕುಮಟಾ
ಡಿಸೆಂಬರ್ 8, ರಾತ್ರಿ 10:17

ಬೇಡ. ಅತ್ತೆಯ ಮೊಣಕಾಲು ದಿನಾ ಅಂಗಳದಲ್ಲೇ ಇರುತ್ತದಲ್ಲ. ಸರಿಯಾಗಿ ತೋರಿಸಿದರೂ ಕೊಬ್ಬರಿ ಸಿಗುವುದಿಲ್ಲ ಅಂತಾದರೆ ಅವನಿಗೆ ಆಟದ ಮೇಲೇ ನಂಬಿಕೆ ಹೋಗುತ್ತದೆ. ಈಗ ಆಗುತ್ತಿರುವುದೂ ಅದೇ. ಯಾರ ಮನೆಯಲ್ಲೂ ಇಲ್ಲದ ಸೈಪ್ರೆಸ್ ಎಣ್ಣೆ ತರಿಸುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.


ಹಳೇ_ಹ್ಯಾಂಡ್ಲರ್, ಅಂಕೋಲಾ
ಡಿಸೆಂಬರ್ 9, ಬೆಳಿಗ್ಗೆ 6:30

ನಾನು ಡಾಗ್ ಸ್ಕ್ವಾಡ್‌ನಲ್ಲಿ 14 ವರ್ಷ ಇದ್ದವನು. ಈಗ ಊರಲ್ಲಿ ಗೇರು ತೋಟ ನೋಡಿಕೊಂಡಿದ್ದೇನೆ. ಎಲ್ಲರ ಮಾತೂ ಓದಿದೆ. ಕುಮಟಾದ ತಂಗಿ ಸರಿಯಾದ ಕಡೆ ಕೈ ಇಟ್ಟಿದ್ದಾಳೆ. ಎಣ್ಣೆ ಯಾವುದು ಅನ್ನುವುದು ಅಷ್ಟು ದೊಡ್ಡ ವಿಷಯ ಅಲ್ಲ. ಲವಂಗವೇ ಇರಲಿ. ಅಡುಗೆಮನೆಯಲ್ಲಿ ಮಾತ್ರ ಆಡಿಸಬೇಡಿ, ಬಾಗಿಲು ಹಾಕಿಡಿ.

ನಾನು ಹೇಳಬೇಕಾದದ್ದು ಶಿರಸಿಯ ತಂಗಿಗೆ. ನೀವು ಬರೆದಿದ್ದೀರಿ, ವಾಸನೆ ಹತ್ತಿದ ಕೂಡಲೇ ಬಾಲ ನಿಲ್ಲುತ್ತದೆ, ಮೂಗಿನ ಸದ್ದು ಜೋರಾಗುತ್ತದೆ ಅಂತ. ಅತ್ತೆಯ ಎದುರು ಕೂರುವ ಮೊದಲೂ ಹಾಗೇ ಆಗುತ್ತಿತ್ತಾ? ನೆನಪು ಮಾಡಿಕೊಳ್ಳಿ. ಕೂರುವುದನ್ನು ನಾವು ಕಲಿಸುತ್ತೇವೆ, ಅದರಲ್ಲಿ ನಾಯಿ ತಪ್ಪಬಹುದು. ಕೊಬ್ಬರಿ ಆಸೆಗೆ ಸುಮ್ನೆ ಕೂರಬಹುದು. ಆದರೆ ಬಾಲ, ಕಿವಿ, ಉಸಿರು ಬದಲಾಗುವುದನ್ನು ಯಾರೂ ಕಲಿಸಿಲ್ಲ. ನಾಯಿ ಸೆಕೆಂಡಿಗೆ ಸುಮಾರು ಐದು ಸಲ ಮೂಸುತ್ತದೆ. ಒಳಗೆ ಎಳೆಯುವುದು ಮೂಗಿನ ಎದುರಿನಿಂದ, ಬಿಡುವುದು ಪಕ್ಕದ ಸೀಳಿನಿಂದ. ಹಾಗಾಗಿ ಬಿಟ್ಟ ಉಸಿರು ಹೊಸ ವಾಸನೆಯನ್ನು ತಳ್ಳಿಹಾಕುವುದಿಲ್ಲ. ಅದು ಶುರುವಾದರೆ ಅಲ್ಲಿ ಏನೋ ಇದೆ ಅಂತಲೇ ಅರ್ಥ. ನಮಗೆ ಬೇಕಾದದ್ದೋ ಅಲ್ಲವೋ ಅನ್ನುವುದು ಬೇರೆ ಮಾತು.

ನನ್ನ ಮೊದಲ ನಾಯಿ ಒಂದು ಬಸ್ ಸ್ಟ್ಯಾಂಡಿನಲ್ಲಿ ಖಾಲಿ ಚೀಲದ ಎದುರು ಕೂತಿತು. ಹಿರಿಯರು ನಕ್ಕರು, ನಾನು ಹಗ್ಗ ಎಳೆದೆ. ಚೀಲದಲ್ಲಿ ಹಿಂದಿನ ವಾರ ನಾವೇ ತರಬೇತಿಯ ಸಾಮಾನು ಹೊತ್ತಿದ್ದೆವು ಅಂತ ಸಂಜೆ ಗೊತ್ತಾಯಿತು. ಆ ನಾಯಿ ಸತ್ತು ಬಹಳ ವರ್ಷ ಆಯಿತು. ಆ ಹಗ್ಗ ಎಳೆದದ್ದು ನನಗೆ ಇವತ್ತಿಗೂ ಮರೆತಿಲ್ಲ.

ಆಗಾಗ ಏನೂ ಅಡಗಿಸದೆ ಖಾಲಿ ಹುಡುಕಾಟವನ್ನೂ ಮಾಡಿಸಿ. 'ಇಲ್ಲ' ಅಂತ ಹೇಳಲೂ ಅವನಿಗೆ ಬರಬೇಕು, ಅದನ್ನು ಒಪ್ಪಲು ನಿಮಗೂ ಬರಬೇಕು. ಬಿಸಿಲಲ್ಲಿ ನಾಲಗೆ ಹೊರಗೆ ಹಾಕಿ ಏದುಸಿರು ಬಿಡುವಾಗ ಆಡಿಸಬೇಡಿ. ಬಾಯಿಯಲ್ಲಿ ಉಸಿರಾಡುವ ನಾಯಿಗೆ ಮೂಗಿನ ಕೆಲಸ ಆಗುವುದಿಲ್ಲ. ಇನ್ನು ಮುಂದೆ ಮೇ ತನಕ ಬೆಟ್ಟದ ದರಕಿನಲ್ಲಿ ಆಟ ಬೇಡವೇ ಬೇಡ. ಉಣ್ಣಿಯ ಕಾಲ. ನಿಮ್ಮ ಕಡೆ ಮಂಗನ ಕಾಯಿಲೆಯ ಭಯ ಬೇರೆ. ನಾಯಿಯ ಮೈಮೇಲೆ ಉಣ್ಣಿ ಮನೆಯೊಳಗೆ ಬರುತ್ತದೆ.


ತೋಟದ_ಹಾದಿ, ಶಿರಸಿ
ಡಿಸೆಂಬರ್ 10, ರಾತ್ರಿ 9:05

ಪರೀಕ್ಷೆ ಮಾಡಿದೆವು. ಶಿರಸಿ ಪೇಟೆಗೆ ಹೋಗಿ ಆರು ಸಣ್ಣ ಸ್ಟೀಲ್ ಡಬ್ಬಿ ತಂದೆ. ನಮ್ಮನೆಯವರೇ ಡ್ರಿಲ್ಲಿನಲ್ಲಿ ತೂತು ಹಾಕಿಕೊಟ್ಟರು. ಮಗಳು ನಾಲ್ಕು ಸಲ ಜಾಗ ಬದಲಿಸಿ ಜೋಡಿಸಿದಳು. ನಾಲ್ಕು ಸಲವೂ ಮುಲಾಮು. ಲವಂಗದ ಡಬ್ಬಿಯನ್ನು ಖಾಲಿ ಡಬ್ಬಿಯ ಹಾಗೇ ಒಂದು ಸಲ ಮೂಸಿ ದಾಟಿದ.

ಕೊನೆಯ ಸಲ ಕೂತು ನನ್ನ ಮುಖ ನೋಡಿದ. ನಾನು ಕೆಳಗೆ ಕೂತು ಕೊಬ್ಬರಿ ಕೊಟ್ಟೆ, ಒಂದು ಹಿಡಿ. ಹೌದು ಅಣ್ಣ, ಅತ್ತೆಯ ಎದುರು ಕೂರುವ ಮೊದಲೂ ಬಾಲ ನಿಲ್ಲುತ್ತಿತ್ತು. ನಾನು ನೋಡಿದ್ದೆ. ನೋಡಿಯೂ ಗದರಿದ್ದೆ. ಸೊಂಟ ನೋವಿನ ಆ ಹೆಂಗಸಿಗೆ ಹೇಳಿದರೆ ಅವರು "ಪಾಪ, ಅದು ಸತ್ಯ ಹೇಳಿದರೂ ಬೈಸಿಕೊಂಡಿತು" ಅಂದರು. ಅದಕ್ಕಿಂತ ಬೇರೆ ಏನು ಹೇಳಲಿ.

ಬರ್ಚ್ ಬೇಡ ಅಂತ ತೀರ್ಮಾನ ಮಾಡಿದ್ದೇನೆ. ಮಾವನವರ ಮರದ ಲವಂಗವನ್ನೇ ಮೊದಲಿನಿಂದ ಕಲಿಸುತ್ತೇನೆ, ಹೊಸ ಡಬ್ಬಿಯಲ್ಲಿ, ಕೊಬ್ಬರಿ ಜೊತೆಗೆ. ಹಳೇ ಡಬ್ಬಿಯನ್ನು ಸುಲಿದ ಸಿಪ್ಪೆಯ ಗುಂಡಿಯಲ್ಲಿ ಹೂತು ಬಂದೆ.


ತೋಟದ_ಹಾದಿ, ಶಿರಸಿ
ಜನವರಿ 3, ರಾತ್ರಿ 8:15

ಮೂರು ವಾರ ಏನೂ ಬರೆಯಲಾಗಲಿಲ್ಲ. ಅಡಿಕೆ ಬೇಯಿಸುವ ಕೆಲಸ, ದಿನಾ ಹಂಡೆಯ ಮುಂದೆ.

ಕೆಂಚ ಮೊದಲ ವಾರ ಬಹಳ ಗೊಂದಲ ಮಾಡಿಕೊಂಡ. ಲವಂಗದ ಡಬ್ಬಿಯ ಹತ್ತಿರ ಕೊಬ್ಬರಿ ತಿನ್ನುವನು, ಆಮೇಲೆ ಎದ್ದು ಜಗಲಿಯ ಕಡೆ ಹೋಗಿ ಅತ್ತೆಯ ಎದುರು ಕೂರುವನು. ಎರಡನ್ನೂ ಹೇಳಿಬಿಡೋಣ ಅಂತ ಇರಬೇಕು. ಆಗ ಗದರಲೂ ಇಲ್ಲ, ಕೊಬ್ಬರಿ ಕೊಡಲೂ ಇಲ್ಲ. ಅತ್ತೆ ಮಾತ್ರ "ಬಂದ್ಯ?" ಅಂತ ಕೇಳಿ ಸುಮ್ಮನಾಗುತ್ತಿದ್ದರು. ಅವನು ಸ್ವಲ್ಪ ಹೊತ್ತು ಕಾದು ವಾಪಸ್ ಬರುತ್ತಿದ್ದ. ಹತ್ತು ಹನ್ನೆರಡು ದಿನಕ್ಕೆ ಕಾಯುವುದು ಕಡಿಮೆಯಾಯಿತು. ಆರು ಡಬ್ಬಿಗಳಲ್ಲಿ ಒಂದಕ್ಕೆ ಬೇಕೆಂದೇ ಮುಲಾಮು ಇಡಲು ಶುರು ಮಾಡಿದೆವು. ಈ ವಾರ ಮನೆಯೊಳಗೆ ಹತ್ತರಲ್ಲಿ ಎಂಟು ಸಲ ಲವಂಗ, ಎರಡು ಸಲ ಮುಲಾಮು. ಮೊದಲಿನಷ್ಟು ಜೋರಾಗಿ ಇನ್ನೂ ಕೂರುವುದಿಲ್ಲ. ಅರ್ಧ ಕೂತು ಕೇಳುವ ಹಾಗೆ ನೋಡುತ್ತಾನೆ. ಹೌದು ಅಂದರೆ ಪೂರ್ತಿ ಕೂರುತ್ತಾನೆ.

ಹೊಸದಾಗಿ ಕಲಿಸಲು ಶುರು ಮಾಡಿದ ಮೇಲೆ ಅಂಗಳದಲ್ಲಿ ಇವತ್ತು ಮೊದಲ ಸಲ ಆಡಿಸಿದೆವು. ಸಂಜೆ ಐದೂವರೆ. ಎಲ್ಲರೂ ಸುಲಿಯಲು ಕೂತಿದ್ದರು. ಅತ್ತೆ ಆಗಷ್ಟೇ ಮೊಣಕಾಲಿಗೆ ತಿಕ್ಕಿಕೊಂಡಿದ್ದರು, ಅಂಗಳದ ಈ ತುದಿಯ ತನಕ ನನ್ನ ಮೂಗಿಗೇ ಬರುತ್ತಿತ್ತು. ಡಬ್ಬಿ ಎಲ್ಲಿದೆ ಅಂತ ನನಗೆ ಗೊತ್ತಿಲ್ಲ. ಹತ್ತಿ ಎಳೆ ತೋಟದ ಕಡೆ ಬಾಗಿತ್ತು, ಹಾಗಾಗಿ ಅವನನ್ನು ತೋಟದ ಅಂಚಿನಿಂದ ಬಿಟ್ಟೆ. ಒಂದು ಸಲ ಮಾತ್ರ 'ಹುಡುಕು' ಅಂದೆ.

ಸೀದಾ ಜಗಲಿಗೆ ಹೋದ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಅತ್ತೆಯ ಮೊಣಕಾಲಿನ ಹತ್ತಿರ ನಿಂತ, ಮೂಸಿದ, ಬಾಲ ನಿಲ್ಲಲಿಲ್ಲ. ಅತ್ತೆ ಮೆಟ್ಟುಗತ್ತಿಯಿಂದ ಕೈ ತೆಗೆದು ಅಲ್ಲಾಡದೆ ಕೂತಿದ್ದರು. ಅವನು ತಿರುಗಿ ಚಪ್ಪರದ ಕಂಬಗಳನ್ನು ಬಳಸಿ ಬಂದ, ಗೊನೆಗಳ ರಾಶಿ ದಾಟಿದ, ಚಿರೆಕಲ್ಲಿನ ಕಟ್ಟೆಯ ಮೂಲೆಯಲ್ಲಿ ಎರಡು ಸಲ ಹಿಂದೆ ಮುಂದೆ ಹೋದ. ಅಲ್ಲಿ ಬೋರಲು ಹಾಕಿದ ಒಂದು ಹೆಡಿಗೆ ಇತ್ತು. ಬಾಲ ನಿಂತಿತು. ಮೂಗಿನ ಸದ್ದು ನನಗೆ ಇಷ್ಟು ದೂರಕ್ಕೆ ಕೇಳಿತು. ಕೂತ, ಪೂರ್ತಿ ಕೂತ.

ನಾನು ಕೂಗಿದ 'ಅಲರ್ಟ್'ಗೆ ಸುಲಿಯುವವರೆಲ್ಲ ತಲೆ ಎತ್ತಿದರು. ಮಗಳು ಕೊಟ್ಟಿಗೆಯ ಬಾಗಿಲಿನಿಂದ ಹೌದು ಅಂತ ತಲೆ ಅಲ್ಲಾಡಿಸಿದಳು. ಹೆಡಿಗೆ ಎತ್ತಿದೆ, ಡಬ್ಬಿ ಅಲ್ಲೇ ಇತ್ತು.

ಕಾರವಾರದ ಅಣ್ಣ, ಕೊಯ್ಲು ಮುಗಿದ ಮೇಲೆ ಫೆಬ್ರವರಿ ಕೊನೆಗೆ ಒಂದು ಭಾನುವಾರ ಬರುತ್ತೇವೆ. ಕೆಂಚ ಕಡಲು ನೋಡಿಲ್ಲ. ಅಲೆಯ ಶಬ್ದಕ್ಕೆ ಹೆದರಬಹುದು, ಹಾಗಾಗಿ ಮೊದಲು ದೂರದಲ್ಲಿ ಗಾಳಿ ಮರದ ನೆರಳಲ್ಲಿ ಕೂರಿಸಿ ನೋಡುತ್ತೇನೆ. ಒಣಮೀನಿನ ವಾಸನೆಯೂ ಅವನಿಗೆ ಹೊಸದು. ಬೆಳಿಗ್ಗೆ ಎಷ್ಟು ಹೊತ್ತಿಗೆ ಅಲ್ಲಿರಬೇಕು ಅಂತ ತಿಳಿಸಿ. ಇಲ್ಲಿಂದ ದೇವಿಮನೆ ಘಟ್ಟ ಇಳಿದು ಬರಬೇಕು, ಅವನಿಗೆ ಬಸ್ಸಿನಲ್ಲಿ ವಾಂತಿ ಆಗುತ್ತದೆ. ಯಾರದ್ದಾದರೂ ಜೀಪು ಕೇಳುತ್ತೇನೆ.